ಹಳೆಯ ವೇಗದ ಮೋಟರ್ ಸೈಕಲ್ಲಿನ ಪರೀಕ್ಷೆ

ಹಳೆಯ ಮೋಟರ್ ಸೈಕಲ್ಲನ್ನು ಕೊಳ್ಳಲು ಹೋದ ತರುಣರು ಮೊದಲು ಮಾಡುವ ಕೆಲಸವೆಂದರೆ ಅದರ ಎಂಜಿನ್ನನ್ನು ಚಾಲೂ ಮಾಡಿ ಶಬ್ದವನ್ನು ಆಲಿಸುವುದು. ಎಷ್ಟು ವೇಗವಾಗಿ ಓಡುತ್ತದೆಂಬುದು ಎರಡನೆಯ ಪ್ರಶ್ನೆ. ಭೌತಶಾಸ್ತ್ರದ ದೃಷ್ಟಿಯಿಂದ ಈ ಕ್ರಮವನ್ನು ತಿರುವುಮುರುವು ಮಾಡಬೇಕಾಗುತ್ತದೆ. ನಮ್ಮ ದೇಶದಲ್ಲಿಯೇ ತಯಾರಾದ ಒಂದು ಪ್ರಸಿದ್ಧ ಯಂತ್ರವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ಜಪಾನಿನ ಯಮಹಾ ಕಂಪನಿಯ ಆರ್.ಡಿ. 350 ಎಂಬ ಯಂತ್ರವನ್ನು ಎಸ್ಕಾರ್ಟ್ಸ್ ಕಂಪನಿಯವರು 1983ರಲ್ಲಿ ರಾಜದೂತ್ 350 ಎಂಬ ಹೆಸರಿನಿಂದ ಭಾರತದಲ್ಲಿ ಮಾರಾಟಕ್ಕೆ ತಂದರು. ಅದರದು ಎರಡು ಸಿಲಿಂಡರುಗಳ, 347 ಘನ ಸೆಂಟಿಮೀಟರಿನ, ಎರಡು ಹೊಡೆತದ ಎಂಜಿನ್ನು; ಗಿಯರುಗಳು ಆರು. ಮೊದಲ ಮಾದರಿಯ ಸಾಮರ್ಥ್ಯ 30.5 ಅಶ್ವಶಕ್ತಿ, ಪೆಟ್ರೋಲಿನ ಮಿತವ್ಯಯಕ್ಕಾಗಿ ಅನಂತರ ಅದನ್ನು 27ಕ್ಕೆ ಇಳಿಸಿದರು. ಜಪಾನಿನ ಮಾದರಿಯ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇದ್ದಿತು. ನಮ್ಮದಕ್ಕೆ ಡ್ರಮ್ ಬ್ರೇಕು. ಆ ದಶಕದ ಕೊನೆಯ ಹೊತ್ತಿಗೆ ತಯಾರಿಕೆ ನಿಂತುಹೋದುದರಿಂದ ಈಗ ದೊರೆಯುವ ಪ್ರತಿಯೊಂದು ಗಾಡಿಯೂ ಮೂವತ್ತು ವರ್ಷ ದಾಟಿದುದು. ಆದರೂ ಹೊಸ ಗಾಡಿಯ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವವರಿದ್ದಾರೆ. ಒಮ್ಮೆ ಅದನ್ನು ಓಡಿಸಿದವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಗಾಡಿಯೂ ಸವಾರನೂ ಕೂಡಿ 225 ಕಿಲೋಗ್ರಾಂ ತೂಗುತ್ತಾರೆಂದು ಭಾವಿಸೋಣ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಅವರ ಚಲನಶಕ್ತಿ ಸುಮಾರು 21,700 ಜೂಲ್. ವೇಗವನ್ನು 100ಕ್ಕೆ ಏರಿಸಿದರೆ ಅದು ಎರಡರಷ್ಟಲ್ಲ, ನಾಲ್ಕರಷ್ಟು, ಅಂದರೆ ಸುಮಾರು 87,000 ಜೂಲ್ ಆಗುತ್ತದೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದೇ ಇದಕ್ಕೆ ಕಾರಣ. ಒಣ ರಸ್ತೆಯ ಮೇಲೆ ಟೈರಿನ ಘರ್ಷಣಾಂಕ 0.7 ಎಂದಿಟ್ಟುಕೊಂಡು, ಬ್ರೇಕುಗಳು ಆ ಹಿಡಿತವನ್ನೆಲ್ಲ ಬಳಸಬಲ್ಲವೆಂದರೂ, 50ರ ವೇಗದಿಂದ ನಿಲ್ಲಲು 14 ಮೀಟರು, 100ರಿಂದ ನಿಲ್ಲಲು 56 ಮೀಟರು ಬೇಕು. ಸವಾರನು ಅಪಾಯವನ್ನು ಕಂಡು ಬ್ರೇಕು ಹಿಡಿಯುವುದಕ್ಕೆ ಒಂದು ಸೆಕೆಂಡು ಹಿಡಿಯುವುದಾದರೆ, ಅಷ್ಟರೊಳಗೆ ಇನ್ನೂ 28 ಮೀಟರು ಸಾಗಿರುತ್ತದೆ. ಒಟ್ಟು 84 ಮೀಟರು! ಇದು ಎಲ್ಲವೂ ಸರಿಯಾಗಿದ್ದಾಗಿನ ಲೆಕ್ಕ.

ಈ 87,000 ಜೂಲ್ ಎಲ್ಲಿಗೆ ಹೋಗುತ್ತದೆ? ಬಹುಭಾಗ ಉಷ್ಣವಾಗಿ ಬ್ರೇಕಿನ ಡ್ರಮ್ಮುಗಳನ್ನು ಸೇರುತ್ತದೆ. ಜೋರಾಗಿ ನಿಲ್ಲಿಸುವಾಗ ಭಾರವು ಮುಂದಕ್ಕೆ ವಾಲುವುದರಿಂದ ಮುಕ್ಕಾಲು ಪಾಲು ಕೆಲಸವನ್ನು ಮುಂದಿನ ಬ್ರೇಕೇ ಮಾಡುತ್ತದೆನ್ನೋಣ. ಉಷ್ಣವನ್ನು ಹೀರುವ ಕಬ್ಬಿಣದ ಬಳೆ ಎರಡು ಕಿಲೋಗ್ರಾಂ ಇದ್ದರೆ, ಒಂದೇ ಸಲ ನಿಲ್ಲಿಸುವುದರಿಂದ ಅದರ ಉಷ್ಣಮಾನ ಸುಮಾರು 70 ಡಿಗ್ರಿ ಏರಬೇಕು. ಆರಲು ಬಿಡದೆ ಮೂರು ಸಲ ಹೀಗೆ ಮಾಡಿದರೆ 200 ಡಿಗ್ರಿಯನ್ನು ದಾಟುತ್ತದೆ. ಇದು ಸ್ಥೂಲ ಗಣನೆಯೇ ಸರಿ. ಆದರೆ ಬೆಟ್ಟ ಇಳಿಯುವಾಗ ಬ್ರೇಕು ಏಕೆ ‘ಸೋಲುತ್ತದೆ’ ಎಂಬುದನ್ನು ತಿಳಿಯಲು ಇಷ್ಟು ಸಾಕು. ಕಾದ ಡ್ರಮ್ಮು ಹಿಗ್ಗಿ, ಒಳಗಿನಿಂದ ಒತ್ತುವ ಶೂಗಳಿಂದ ದೂರ ಸರಿಯುತ್ತದೆ; ಲೈನಿಂಗಿನ ಘರ್ಷಣಾಂಕವೂ ಕುಗ್ಗುತ್ತದೆ. ಎರಡು ಹೊಡೆತದ ಎಂಜಿನ್ನು ಇಳಿಜಾರಿನಲ್ಲಿ ತಡೆಯಾಗಿ ಅಷ್ಟೇನೂ ನೆರವಾಗುವುದಿಲ್ಲ.

ಈ ಗಾಡಿಯ ಮುಂದಿನ ಡ್ರಮ್ಮಿನಲ್ಲಿ ಒಂದು ಜಾಣ್ಮೆಯ ಏರ್ಪಾಡಿದೆ. ಎರಡು ಶೂಗಳನ್ನೂ ತಿರುಗುವ ಡ್ರಮ್ಮೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಕೈಯ ಬಲಕ್ಕಿಂತ ಹೆಚ್ಚಿನ ಒತ್ತಡ ಒದಗುತ್ತದೆ. ಚಕ್ರ ಹಿಂದಕ್ಕೆ ಉರುಳಿದರೆ ಮಾತ್ರ ಗುಣ ತಲೆಕೆಳಗಾಗುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಗಾಡಿಯನ್ನು ನಿಲ್ಲಿಸಿ ಮುಂದಿನ ಬ್ರೇಕನ್ನಷ್ಟೇ ಹಿಡಿದವನಿಗೆ ಇದು ಬೇಗ ಮನವರಿಕೆಯಾಗುತ್ತದೆ. ಎರಡು ಶೂಗಳನ್ನು ಜೋಡಿಸುವ ಕಂಬಿಯ ಉದ್ದ ಸರಿಯಿಲ್ಲದಿದ್ದರೆ ಒಂದು ಶೂ ಮೊದಲು ಮುಟ್ಟಿ, ಇನ್ನೊಂದು ಸುಮ್ಮನಿರುತ್ತದೆ. ಹಳೆಯ ಗಾಡಿಗಳಲ್ಲಿ ಈ ದೋಷ ಸಾಮಾನ್ಯ. ಎರಡೂ ಒಂದೇ ಕ್ಷಣದಲ್ಲಿ ಮುಟ್ಟುವಂತೆ ಸರಿಪಡಿಸುವುದಕ್ಕೆ ಸ್ಪ್ಯಾನರೂ ತಾಳ್ಮೆಯೂ ಇದ್ದರಾಯಿತು. ಸನ್ನೆಯು ಕೈಯಲ್ಲಿ ಮಿಡಿದರೆ ಡ್ರಮ್ಮು ದುಂಡಾಗಿ ಉಳಿದಿಲ್ಲವೆಂದು ತಿಳಿಯಬೇಕು.

ಟೈರಿನ ಗೀರುಗಳು ಆಳವಾಗಿದ್ದರೆ ಸಾಲದು, ರಬ್ಬರಿನ ವಯಸ್ಸನ್ನೂ ನೋಡಬೇಕು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದನ್ನು ಹೇಳುತ್ತವೆ: 2314 ಎಂದಿದ್ದರೆ 2014ನೆಯ ಇಸವಿಯ 23ನೆಯ ವಾರ. ಗಡುಸಾದ ರಬ್ಬರಿನಲ್ಲಿ ನಾವು ಊಹಿಸಿದ 0.7 ಎಂಬ ಅಂಕವೇ ಉಳಿದಿರಲಾರದು.

ಇನ್ನು ಎಂಜಿನ್ನು. ಎರಡು ಹೊಡೆತದ ಯಂತ್ರದಲ್ಲಿ ಗಾಳಿ ಪೆಟ್ರೋಲುಗಳ ಮಿಶ್ರಣವು ಮೊದಲು ಕ್ರ್ಯಾಂಕಿನ ಕೋಣೆಯನ್ನು ಹೊಕ್ಕು ಅನಂತರ ಸಿಲಿಂಡರಿಗೆ ಏರುತ್ತದೆ. ಆ ಕೋಣೆಯ ರಬ್ಬರ್ ಸೀಲುಗಳು ವಯಸ್ಸಾಗಿ ಒಣಗಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥೆನಾಲಿನ ಪರಿಣಾಮವೂ ಅದೇ ದಿಕ್ಕಿನದು: ಒಂದು ಗ್ರಾಂ ಪೆಟ್ರೋಲು ಉರಿಯಲು 14.7 ಗ್ರಾಂ ಗಾಳಿ ಬೇಕಾದರೆ, ಎಥೆನಾಲಿಗೆ 9 ಗ್ರಾಂ ಸಾಕು. ಅಂದಿನ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರು ಈಗ ಗಾಳಿಯನ್ನು ಅಳತೆ ಮೀರಿ ಬಡಿಸುತ್ತದೆ. ತೆಳುವಾದ ಮಿಶ್ರಣದಿಂದ ಪಿಸ್ಟನ್ನು ಹೆಚ್ಚು ಕಾಯುತ್ತದೆ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಇದರ ಸುಳಿವು ಸಿಗುತ್ತದೆ. ತಿಳಿಗಂದು ಬಣ್ಣವಿದ್ದರೆ ಕ್ಷೇಮ. ಸುಣ್ಣದಂತೆ ಬೆಳ್ಳಗಿದ್ದರೆ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ ಕಾರಣವನ್ನು ಹುಡುಕಬೇಕು. ಸಿಲಿಂಡರುಗಳು ಎರಡಾದುದರಿಂದ ಎರಡು ಪ್ಲಗ್ಗುಗಳನ್ನೂ ಹೋಲಿಸಿ ನೋಡುವುದು ಒಳ್ಳೆಯದು.

ಅತಿಯಾಗಿ ಕಾದ ಅಲ್ಯೂಮಿನಿಯಮ್ ಪಿಸ್ಟನ್ನು ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚಾಗಿ ಹಿಗ್ಗಿ ಅದರಲ್ಲಿ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ‘ಸೀಜ್’ ಎನ್ನುತ್ತಾರೆ. ಎಂಜಿನ್ನು ನಿಂತೊಡನೆ ಚೈನಿನ ಮೂಲಕ ಹಿಂದಿನ ಚಕ್ರವೂ ಬಿಗಿದು ಜಾರತೊಡಗುತ್ತದೆ. ಆಗ ಉಳಿದಿರುವ ಉಪಾಯ ಒಂದೇ: ಕ್ಲಚ್ಚನ್ನು ಹಿಡಿದು ಚಕ್ರವನ್ನು ಎಂಜಿನ್ನಿನಿಂದ ಬಿಡಿಸುವುದು. ಅನುಭವಿಗಳಾದ ಸವಾರರು ಈ ಗಾಡಿಯನ್ನು ವೇಗವಾಗಿ ಓಡಿಸುವಾಗ ಎಡಗೈಯ ಎರಡು ಬೆರಳುಗಳನ್ನು ಸದಾ ಕ್ಲಚ್ಚಿನ ಸನ್ನೆಯ ಮೇಲೆಯೇ ಇಟ್ಟುಕೊಂಡಿರುವುದು ಇದಕ್ಕಾಗಿ.