ಹೊಸ ಕೋವಿಗೆ ಮೊದಲ ಗಜ

ತಮ್ಮಾ, ಬೆಳೆ ರಕ್ಷಣೆಯ ಲೈಸೆನ್ಸು ಕೊನೆಗೂ ಕೈಸೇರಿತು, ಹನ್ನೆರಡು ಬೋರಿನ ಜೋಡುನಳಿಗೆ ಮನೆಗೆ ಬಂತು ಅಂತ ಕೇಳಿ ಸಂತೋಷವಾಯಿತು. ಅದರ ಹಿಂದೆಯೇ ಇನ್ನೊಂದು ಸುದ್ದಿಯೂ ಬಂತು. ಎಡನಳಿಗೆಯಲ್ಲಿ ಟ್ರಿಗರ್ ಎಳೆದರೂ ಈಡು ಹಾರಲಿಲ್ಲವಂತೆ. ಬಲಗಡೆಯದು ಹಾರಿತು, ಆದರೆ ಖಾಲಿ ತೋಟಾ ಒಳಗೇ ಕಚ್ಚಿಕೊಂಡಿತಂತೆ. ಕೋವಿಯೇ ಸರಿಯಿಲ್ಲ, ವಾಪಸ್ ಕೊಡುತ್ತೇನೆ ಅಂತ ಹೊರಟಿದ್ದೀಯಂತೆ. ಕೊಡುವುದಾದರೆ ಕೊಡು, ಬೇಡ ಅನ್ನುವುದಿಲ್ಲ. ಅದಕ್ಕೆ ಮೊದಲು ಒಂದು ಮಾತು ಕೇಳುತ್ತೇನೆ: ಅಂಗಡಿಯಿಂದ ತಂದ ಮೇಲೆ ಅದಕ್ಕೆ ಒಮ್ಮೆಯಾದರೂ ನಳಿಗೆ ಒರೆಸುವ ಗಜ ಹಾಕಿದ್ದೀಯಾ?

ಕಾರ್ಖಾನೆಯಲ್ಲಿ ಹೊಸ ಕೋವಿಗೆ ಬಳಿಯುವ ಗ್ರೀಸು ಇರುವುದು ತುಕ್ಕು ಹಿಡಿಯದಿರಲಿ ಅಂತ. ಈಡು ಹೊಡೆಯುವ ಹೊತ್ತಿಗೆ ಅದು ಅಲ್ಲಿರಬಾರದು. ಗೋದಾಮು, ಲಾರಿ, ಅಂಗಡಿಯ ಕಪಾಟು ಅಂತ ತಿಂಗಳುಗಟ್ಟಲೆ ಕೂತು ಅದು ಧೂಳು ಕುಡಿದು ಅಂಟಾಗಿರುತ್ತದೆ. ತೋಟಾದ ಕೇಪಿಗೆ ಬಡಿಯುವ ಪಿನ್ನು ಓಡಾಡುವ ತೂತಿಗೆ ಅದು ಇಳಿದಿದ್ದರೆ, ಮಾಗಿ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ ಹಾಗೆ ಗಟ್ಟಿಯಾಗಿ ಪಿನ್ನಿನ ಓಟವನ್ನೇ ತಡೆಯುತ್ತದೆ. ಪೆಟ್ಟು ಮೆತ್ತಗೆ ಬಿದ್ದರೆ ಕೇಪು ಸಿಡಿಯುವುದಿಲ್ಲ. ತೋಟಾ ಕೂರುವ ಚೇಂಬರಿನಲ್ಲಿ ಅದೇ ಅಂಟು ಉಳಿದಿದ್ದರೆ ಸಿಡಿದ ತೋಟಾ ಹಿಗ್ಗಿ ಅಲ್ಲೇ ಹಿಡಿದುಕೊಳ್ಳುತ್ತದೆ. ಕಬ್ಬಿಣ ಕೊರೆದಾಗಿನ ಸಣ್ಣ ಚೂರು, ಖಾಲಿ ತೋಟಾ ಎತ್ತುವ ಎಕ್ಸ್‌ಟ್ರಾಕ್ಟರಿನ ಅಡಿ ಸಿಕ್ಕಿಕೊಂಡಿರುವುದೂ ಉಂಟು. ನಿನ್ನ ಕೋವಿಯ ಎರಡು ದೂರುಗಳೂ ಇಷ್ಟರಿಂದಲೇ ಹುಟ್ಟಬಹುದು.

ಇನ್ನು ಒರೆಸುವ ಕೆಲಸ. ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕು. ಕೋವಿ ಮಡಚಿ ಎರಡೂ ಚೇಂಬರಿಗೆ ಕಣ್ಣು ಹಾಕು, ಆಮೇಲೆ ಕಿರುಬೆರಳನ್ನೂ ಹಾಕಿ ನೋಡು. ಮನೆಯಲ್ಲಿ ನಡೆಯುವ ಎಷ್ಟೋ ಅನಾಹುತಗಳಿಗೆ ‘ಖಾಲಿ ಇದೆ’ ಅನ್ನುವ ನಂಬಿಕೆಯೇ ಕಾರಣ. ಹಾಗಾಗಿ ಎದುರಿಗೇ ಯಾರೋ ಖಾಲಿ ಮಾಡಿ ಕೊಟ್ಟರೂ ನೀನು ಮತ್ತೆ ನೋಡಬೇಕು. ಕೆಲಸ ಕಿಟಕಿ ತೆಗೆದ ಜಾಗದಲ್ಲಿ ಮಾಡು, ಒಲೆಯ ಹತ್ತಿರ ಬೇಡ. ಮುಂದಿನ ಮರದ ಹಿಡಿ ಕಳಚಿ, ನಳಿಗೆ ಬೇರೆ ಮಾಡಿ, ಗಜವನ್ನು ಚೇಂಬರಿನ ಕಡೆಯಿಂದಲೇ ತೂರಿಸು. ಬಾಯಿಯ ಕಡೆಯಿಂದ ತೂರಿಸಿದರೆ ಕೊಳೆಯೆಲ್ಲ ಎಕ್ಸ್‌ಟ್ರಾಕ್ಟರಿನ ಸಂದಿಗೆ ಬಂದು ಕೂರುತ್ತದೆ. ಮೊದಲು ಗ್ರೀಸು ಕರಗಿಸುವ ಸಾಲ್ವೆಂಟ್ ಸೋಕಿಸಿದ ಬಟ್ಟೆ, ಆಮೇಲೆ ಕಂಚಿನ ಬ್ರಷ್ಷು, ಆಮೇಲೆ ಒಣಬಟ್ಟೆ. ಬಟ್ಟೆ ಬೆಳ್ಳಗೆ ಹೊರಬರುವವರೆಗೂ ಬಿಡಬೇಡ. ಚೇಂಬರಿಗೆ ಬ್ರಷ್ಷನ್ನು ಎರಡು ಸುತ್ತು ಜಾಸ್ತಿಯೇ ತಿರುಗಿಸು.

ಸೀಮೆಎಣ್ಣೆ ಗ್ರೀಸನ್ನು ಬಿಡಿಸುತ್ತದೆ ನಿಜ. ಆದರೆ ಅದು ಆರಿದ ಮೇಲೆ ಕಬ್ಬಿಣಕ್ಕೆ ಯಾವ ರಕ್ಷಣೆಯೂ ಉಳಿಯುವುದಿಲ್ಲ, ಮರಕ್ಕೆ ತಾಗಿದರೆ ಪಾಲಿಶೂ ಹೋಗುತ್ತದೆ. ಕೊಬ್ಬರಿ ಎಣ್ಣೆಯನ್ನಂತೂ ಮುಟ್ಟಿಸಬೇಡ. ಅಡುಗೆಯ ಎಣ್ಣೆ ಯಾವುದೇ ಆದರೂ ದಿನ ಕಳೆದಂತೆ ಅಂಟಾಗುತ್ತದೆ. ತೆಳುವಾದ ಗನ್ ಆಯಿಲ್ ಸಾಕು, ಅದೂ ಹನಿ ಲೆಕ್ಕದಲ್ಲಿ. ನಳಿಗೆ ಮಡಚುವ ಕೀಲಿಗೆ ಮಾತ್ರ ಬೆರಳ ತುದಿಯಷ್ಟು ಒಳ್ಳೆ ಗ್ರೀಸು ಹಚ್ಚು. ಹೊಸ ಕೋವಿ ಮಡಚಲು ಬಿಗಿ ಅನ್ನಿಸುವುದು ದೋಷವಲ್ಲ, ಬಳಸುತ್ತಾ ತಾನೇ ಸಡಿಲಾಗುತ್ತದೆ. ಬಿಗಿ ಅಂತ ಮೊಣಕಾಲಿಗೆ ಬಡಿದು ತೆರೆಯುವುದು, ಧಡ್ ಅಂತ ಮುಚ್ಚುವುದು ಬೇಡ. ಹೊಡೆಯುವ ಮುಂಚೆ ಚೇಂಬರು ಮತ್ತು ನಳಿಗೆಯ ಎಣ್ಣೆಯನ್ನೆಲ್ಲ ಒರೆಸಿ ತೆಗೆದುಬಿಡು. ಚೇಂಬರು ಎಣ್ಣೆಯಾಗಿದ್ದರೆ ಸಿಡಿದ ತೋಟಾ ಗೋಡೆಗೆ ಕಚ್ಚದೆ ಪೂರ್ತಿ ಒತ್ತಡವನ್ನು ಹಿಂದಕ್ಕೆ, ಮಡಚುವ ಕೀಲಿನ ಮೇಲೆ ಹಾಕುತ್ತದೆ. ಕೊನೆಗೆ ನಳಿಗೆಯನ್ನು ಬೆಳಕಿಗೆ ಹಿಡಿದು ಆರಪಾರ ನೋಡು. ಒಳಗೆ ಮರೆತುಹೋದ ಒಂದು ತುಂಡು ಬಟ್ಟೆ ನಳಿಗೆಯನ್ನೇ ಸೀಳಬಲ್ಲದು.

ತೋಟಾದ ವಿಷಯಕ್ಕೆ ಬರೋಣ. ಹೊಸ ಕೋವಿಯ ಮೇಲೆ ಬರುವ ಅಪವಾದ ಎಷ್ಟೋ ಸಲ ತೋಟಾದ್ದಾಗಿರುತ್ತದೆ. ನಳಿಗೆಯ ಅಡಿಭಾಗದಲ್ಲಿ ಚೇಂಬರಿನ ಉದ್ದ ಕೊರೆದಿರುತ್ತದೆ, 65 ಅಥವಾ 70 ಮಿಲಿಮೀಟರ್ ಅಂತ. 70ರ ಚೇಂಬರಿಗೆ 65ರ ತೋಟಾ ಹಾಕಬಹುದು. 65ರ ಚೇಂಬರಿಗೆ 70ರದ್ದು ಹಾಕಲೇಬಾರದು. ಹೊಡೆಯುವ ಮುಂಚೆ ಅದು ಸಲೀಸಾಗಿ ಕೂರುತ್ತದೆ, ಯಾಕೆಂದರೆ ಆ ಅಳತೆ ತೋಟಾದ ಬಾಯಿ ಬಿಚ್ಚಿಕೊಂಡ ಮೇಲಿನದು. ಸಿಡಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಕಾಗದದ ತೋಟಾಗಳು ಉಳಿದಿದ್ದರೆ ಆಸೆಪಡಬೇಡ. ಮಲೆನಾಡಿನ ಮಳೆಗಾಲಗಳನ್ನು ಕಂಡ ಕಾಗದ ಉಬ್ಬಿರುತ್ತದೆ, ಕಚ್ಚಿಕೊಳ್ಳುತ್ತದೆ. ಮನೆಯಲ್ಲಿ ಯಾರದಾದರೂ ಇಪ್ಪತ್ತು ಬೋರಿನ ಕೋವಿ ಇದ್ದರೆ ಅದರ ಹಳದಿ ತೋಟಾಗಳನ್ನು ನಿನ್ನ ಡಬ್ಬಿಯ ಹತ್ತಿರಕ್ಕೂ ಸೇರಿಸಬೇಡ. ಆ ತೋಟಾ ಹನ್ನೆರಡರ ನಳಿಗೆಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದನ್ನು ಕಾಣದೆ ಹಿಂದಿನಿಂದ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಒಡೆಯುತ್ತದೆ, ಅದನ್ನು ಹಿಡಿದ ಕೈಯೂ ಹೋಗುತ್ತದೆ.

ಈಡು ಹಾರದೇ ಹೋದಾಗ ನೀನು ಏನು ಮಾಡಿದೆ ಅಂತ ಯಾರೂ ಹೇಳಲಿಲ್ಲ. ನನಗೆ ಕಳವಳವಿರುವುದು ಅದರ ಬಗ್ಗೆಯೇ. ಟ್ರಿಗರ್ ಎಳೆದು ಸದ್ದು ಬರದಿದ್ದರೆ ಕೋವಿಯ ಬಾಯಿಯನ್ನು ಅದೇ ದಿಕ್ಕಿಗೆ, ಯಾರೂ ಇಲ್ಲದ ಕಡೆಗೆ ಹಿಡಿದು ನಿಲ್ಲು. ಕನಿಷ್ಠ ಅರ್ಧ ನಿಮಿಷ ಅಲುಗಾಡಬೇಡ. ಕೇಪು ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ಮುಖ ಓರೆ ಮಾಡಿ ಮಡಚಿ ತೋಟಾ ತೆಗೆದು ಕೇಪಿನ ಮೇಲಿನ ಗುರುತು ನೋಡು. ತಗ್ಗು ಆಳವಾಗಿದ್ದರೆ ತಪ್ಪು ತೋಟಾದ್ದು. ಸುಮ್ಮನೆ ಸವರಿದಂತಿದ್ದರೆ ಪಿನ್ನಿನದು, ಇಲ್ಲವೇ ಸ್ಪ್ರಿಂಗಿನದು. ಒರೆಸಿದ ಮೇಲೆ ಬೇರೆ ಪೆಟ್ಟಿಗೆಯ ತೋಟಾ ಹಾಕಿದರೂ ಅದೇ ನಳಿಗೆ ಮತ್ತೆ ಕೈಕೊಟ್ಟರೆ ದೋಷ ಕೋವಿಯಲ್ಲೇ ಇದೆ. ಆಗ ನಿನ್ನ ದೂರಿಗೆ ಆಧಾರವಿದೆ, ಧೈರ್ಯವಾಗಿ ವಾಪಸ್ ಒಯ್ಯಿ. ಹಾರದ ತೋಟಾವನ್ನು ಬಿಚ್ಚಿ ನೋಡಲು ಹೋಗಬೇಡ, ಬೇರೆಯಾಗಿ ಎತ್ತಿಟ್ಟು ಮಾರಿದವರಿಗೇ ಒಪ್ಪಿಸು.

ಪೂರ್ತಿ ಮೌನಕ್ಕಿಂತ ಅಪಾಯಕಾರಿ ಅಂದರೆ ಅರ್ಧ ಸದ್ದು. ಎಂದಿನ ಢಂ ಇಲ್ಲದೆ ಠುಸ್ ಅಂದರೆ ಕೂಡಲೇ ನಿಲ್ಲಿಸು. ಚರೆಯೋ ಅದರ ಹಿಂದಿನ ವ್ಯಾಡೋ ನಳಿಗೆಯ ಮಧ್ಯದಲ್ಲಿ ಕೂತಿರಬಹುದು. ಎರಡೂ ಕಡೆಯ ತೋಟಾ ತೆಗೆದು, ನಳಿಗೆ ಬೇರೆ ಮಾಡಿ, ಆರಪಾರ ಬೆಳಕು ಕಾಣುವವರೆಗೆ ಇನ್ನೊಂದು ಈಡಿನ ಮಾತೇ ಬೇಡ. ಹಂದಿ ಅಡಿಕೆ ತೋಟಕ್ಕೇ ನುಗ್ಗಿರಲಿ, ಮಂಗಗಳು ಏಲಕ್ಕಿ ಹಾಳುಮಾಡುತ್ತಿರಲಿ.

ಟ್ರಿಗರ್ ಮತ್ತು ಸೇಫ್ಟಿಯನ್ನು ಖಾಲಿ ಕೋವಿಯಲ್ಲಿ, ಡಮ್ಮಿ ತೋಟಾ ಹಾಕಿ ಪರೀಕ್ಷಿಸಿಕೋ. ಬಹಳಷ್ಟು ಜೋಡುನಳಿಗೆಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ಒಳಗಿನ ಸುತ್ತಿಗೆಯನ್ನಲ್ಲ. ಜೋರಾಗಿ ಕೆಳಗೆ ಬಿದ್ದರೆ ಈಡು ಹಾರಬಹುದು. ಬೇಲಿ ದಾಟುವಾಗ, ಸಂಕ ದಾಟುವಾಗ ತೋಟಾ ತೆಗೆದೇ ದಾಟು. ಕೋವಿ ಕೈಕೊಟ್ಟರೂ ಸಾಣೆ, ಅರ, ಊರ ಕುಲುಮೆಯ ಸಹವಾಸ ಬೇಡ. ಲೈಸೆನ್ಸು ಇಲ್ಲದವರು ಕೋವಿ ರಿಪೇರಿ ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ ಅಂತ ನಮ್ಮ ಕಡೆಯವರು ಆಗಾಗ ನೆನಪಿಸುತ್ತಾರೆ. ಅದು ಅವರಿಗೆ ಇರುವುದು, ನಿನಗಲ್ಲ. ಹೊಸ ಕೋವಿಯ ಖುಷಿಗೆ ಮದುವೆಮನೆಯಲ್ಲಿ ಗಾಳಿಗೆ ಹಾರಿಸುವ ಯೋಚನೆಯಿದ್ದರೆ ಬಿಟ್ಟುಬಿಡು. 2019ರ ತಿದ್ದುಪಡಿಯ ಪ್ರಕಾರ ಅದಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರಲ್ಲ, ಅದಕ್ಕೆ ಹೋಗು. ತಿಳಿದವರ ಕಣ್ಣೆದುರು, ಹಿಂದೆ ಮಣ್ಣಿನ ದಿಬ್ಬವಿರುವ ಜಾಗದಲ್ಲಿ ನಾಲ್ಕು ಈಡು ಹೊಡೆದರೆ ಭಯವೂ ಹೋಗುತ್ತದೆ, ಅಂಕೆಯೂ ಬರುತ್ತದೆ.

ಜೂನ್ ಹಿಡಿಯಿತೆಂದರೆ ಕೋವಿಯನ್ನು ಕ್ಯಾನ್ವಾಸ್ ಚೀಲದಲ್ಲಿ ಇಡಬೇಡ. ಬಟ್ಟೆ, ಚರ್ಮ ಎರಡೂ ತೇವ ಹೀರಿ ಕಬ್ಬಿಣಕ್ಕೇ ಉಣಿಸುತ್ತವೆ. ಮುಟ್ಟಿದಾಗೆಲ್ಲ ಬೆವರು ಒರೆಸು. ಎಣ್ಣೆ ಹಚ್ಚಿದ ಮೇಲೆ ಒಂದು ರಾತ್ರಿ ಬಾಯಿ ಕೆಳಗಾಗಿ ನಿಲ್ಲಿಸು, ಹೆಚ್ಚಾದ ಎಣ್ಣೆ ಹಿಂದಿನ ಮರಕ್ಕೆ ಇಳಿಯುವುದಿಲ್ಲ. ಚುನಾವಣೆ ಬಂದು ಠಾಣೆಯಲ್ಲಿ ಇಡಬೇಕಾದಾಗ ನಳಿಗೆಯ ಒಳಗೂ ಹೊರಗೂ ಎಣ್ಣೆ ಧಾರಾಳವಾಗಿ ಬಳಿದು ಕೊಡು. ಅಲ್ಲಿ ಅದನ್ನು ಒರೆಸುವವರು ಯಾರೂ ಇರುವುದಿಲ್ಲ. ವಾಪಸ್ ತಂದ ದಿನವೇ ಮತ್ತೆ ಗಜ ಹಾಕಬೇಕು. ಕೊಡುವಾಗ ರಸೀದಿಯಲ್ಲಿ ಬರೆದ ನಂಬರೂ ಕೋವಿಯ ಮೇಲೆ ಕೊರೆದ ನಂಬರೂ ಒಂದೇ ಇದೆಯಾ ಅಂತ ಓದಿ ನೋಡಿಕೊಂಡೇ ಠಾಣೆಯ ಮೆಟ್ಟಿಲಿಳಿ.