ಮಂಗನ ಕಾಯಿಲೆ: ಬಿಟ್ಟು ಮತ್ತೆ ಬರುವ ಜ್ವರ

ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ಮಲೆನಾಡಿನ ರೈತರಿಗೆ ಕಾಡಿನ ಕೆಲಸ ಹೆಚ್ಚುತ್ತದೆ. ಕೊಟ್ಟಿಗೆಗೆ ದರಗು, ಒಲೆಗೆ ಸೌದೆ, ತೋಟಕ್ಕೆ ಸೊಪ್ಪು ತರಲು ಮನೆಮಂದಿಯೆಲ್ಲ ಬೆಟ್ಟಕ್ಕೆ ಹೋಗುವ ದಿನಗಳಿವು. ನವೆಂಬರಿನಿಂದ ಮೇ ತಿಂಗಳವರೆಗಿನ ಈ ಅವಧಿಯೇ ಮಂಗನ ಕಾಯಿಲೆಯ ಕಾಲವೂ ಹೌದು. ಆಗ ಬಂದ ಜ್ವರವನ್ನು ದಣಿವಿನ ಜ್ವರವೆಂದೋ ಚಳಿಗಾಲದ ಮೈಕೈ ನೋವೆಂದೋ ಭಾವಿಸಿ, ಅಂಗಡಿಯ ಮಾತ್ರೆ ನುಂಗಿ ನಾಲ್ಕು ದಿನ ಕಳೆಯುವುದು ಹಳ್ಳಿಗಳಲ್ಲಿ ಸಾಮಾನ್ಯ. ಹೆಚ್ಚಿನ ಜ್ವರಗಳಿಗೆ ಇದು ನಡೆದೀತು, ಈ ಜ್ವರಕ್ಕೆ ನಡೆಯದು.

ಈ ರೋಗವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅಲ್ಲಿ ಮಂಗಗಳು ಸಾಯುತ್ತಿದ್ದುದನ್ನೂ ಸುತ್ತಲಿನ ಜನ ಜ್ವರದಿಂದ ಮಲಗಿದ್ದುದನ್ನೂ ಕಂಡು, ಇದು ಹಳದಿ ಜ್ವರವಿರಬಹುದೆಂದು ಮೊದಲು ಶಂಕಿಸಲಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿದಾಗ ಅದು ಉಣುಗಿನಿಂದ ಹರಡುವ ಹೊಸದೊಂದು ವೈರಸ್ ಎಂದು ತಿಳಿಯಿತು. ಬಹುಕಾಲ ಶಿವಮೊಗ್ಗದ ಸುತ್ತಮುತ್ತಲೇ ಇದ್ದ ರೋಗ ಈಗ ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದು ಗೇರು ನೆಡಲು ಹೊರಟಾಗ ಅಲ್ಲಿ ದೊಡ್ಡದಾಗಿ ಕಾಣಿಸಿತು. 2012ರ ನಂತರ ಚಾಮರಾಜನಗರ ಜಿಲ್ಲೆ, ಕೇರಳದ ವಯನಾಡು, ಗೋವಾ ಮತ್ತು ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಂಡುಬಂದಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಪ್ರಾಣಹಾನಿಯಾಯಿತು. ಒಟ್ಟಿನಲ್ಲಿ ಇದು ಅಪರೂಪದ ರೋಗ. ಆದರೆ ಕಾಡಿನಂಚಿನ ಊರಿಗೆ ಅಪರೂಪವೆಂಬ ಮಾತು ಸಮಾಧಾನ ಕೊಡುವಂಥದ್ದಲ್ಲ.

ರೋಗ ತಗಲುವ ಬಗೆ

ಕಾಡಿನ ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿಯೂ ಉಣುಗುಗಳಲ್ಲಿಯೂ ಈ ವೈರಸ್ ಸದ್ದಿಲ್ಲದೆ ಉಳಿದಿರುತ್ತದೆ. ಕಪ್ಪು ಮೂತಿಯ ಮುಸಿಯ ಮತ್ತು ಸಾಮಾನ್ಯ ಮಂಗಗಳಿಗೆ ತಗಲಿದರೆ ಅವು ಸಾಯುತ್ತವೆ. ಸತ್ತ ಮಂಗದ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ದರಗಿನಲ್ಲಿ ಸೇರಿಕೊಳ್ಳುತ್ತವೆ. ಮನುಷ್ಯರಿಗೆ ರೋಗ ತರುವುದು ಮುಖ್ಯವಾಗಿ ಎಳೆಯ ಉಣುಗು. ಅದು ಎಷ್ಟು ಚಿಕ್ಕದೆಂದರೆ ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆದ್ದರಿಂದ "ನನಗೆ ಉಣುಗು ಕಚ್ಚಿಲ್ಲ" ಎಂಬ ಮಾತನ್ನು ನಂಬಿ ಕೂರುವಂತಿಲ್ಲ. ಒಬ್ಬರಿಂದ ಒಬ್ಬರಿಗೆ ಈ ರೋಗ ಅಂಟುವುದಿಲ್ಲ. ರೋಗಿಯನ್ನು ದೂರವಿಡಬೇಕಾದ ಕಾರಣವಿಲ್ಲ.

ಲಕ್ಷಣಗಳು

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಒಮ್ಮೆಲೇ ಏರುತ್ತದೆ. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಹಾಸಿಗೆ ಹಿಡಿದಿರುತ್ತಾರೆ. ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಕಾಲುಗಳಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ, ಎದ್ದು ಕೂರಲಾರದ ನಿಶ್ಶಕ್ತಿ ಇರುತ್ತವೆ. ಜ್ವರ ಹೆಚ್ಚಿದ್ದರೂ ನಾಡಿ ನಿಧಾನವಾಗಿರುವುದನ್ನು ವೈದ್ಯರು ಗಮನಿಸುವುದುಂಟು. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಒಸರುತ್ತದೆ. ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ ಕಾಣಬಹುದು. ಇದು ಅಪಾಯದ ಸೂಚನೆ.

ಜ್ವರ ಒಂದು ವಾರ, ಹೆಚ್ಚೆಂದರೆ ಹನ್ನೆರಡು ದಿನ ಇದ್ದು ಇಳಿಯುತ್ತದೆ. ಹೆಚ್ಚಿನವರು ಇಲ್ಲಿಗೆ ಗುಣವಾಗುತ್ತಾರೆ. ಆದರೆ ರೈತರು ತಪ್ಪದೆ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ನೂರಕ್ಕೆ ಹತ್ತರಿಂದ ಇಪ್ಪತ್ತು ಜನರಲ್ಲಿ, ಒಂದೆರಡು ವಾರ ಏನೂ ಇಲ್ಲದಂತಿದ್ದು, ಜ್ವರ ಮರಳುತ್ತದೆ. ಈ ಸಲ ಅದು ಮಿದುಳನ್ನು ಬಾಧಿಸುತ್ತದೆ: ಕತ್ತು ಬಿಗಿಯುವುದು, ಕೈ ನಡುಗುವುದು, ತಲೆಸುತ್ತು, ಕಣ್ಣು ಮಂಜಾಗುವುದು, ಅಸಂಬದ್ಧ ಮಾತು. ಈ ನಡುವಿನ ದಿನಗಳಲ್ಲಿಯೇ ಮನೆಯವರು ಮೈಮರೆಯುವುದು, ಗಂಡಸರು ಕೆಲಸಕ್ಕೆ ಹೊರಡುವುದು. ಜ್ವರ ಬಂದ ದಿನವನ್ನೂ ಬಿಟ್ಟ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಬಿಟ್ಟ ಮೇಲೂ ಮೂರು ವಾರ ರೋಗಿಯ ಮೇಲೆ ಕಣ್ಣಿಡುವುದು ಒಳ್ಳೆಯದು. ರೋಗ ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆಂಬುದು ಸಾಮಾನ್ಯ ಲೆಕ್ಕ.

ಆರಂಭದಲ್ಲಿ ಮಲೇರಿಯಾ, ಡೆಂಗ್ಯೂ, ಇಲಿ ಜ್ವರ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಗದ್ದೆಯ ಕೆಸರಿನಲ್ಲಿ ದುಡಿದವರಿಗೆ ಮಳೆಗಾಲದಲ್ಲಿ ಬರುವ ಇಲಿ ಜ್ವರದಲ್ಲಿಯೂ ಕಣ್ಣು ಕೆಂಪಾಗಿ ಮೀನಖಂಡ ನೋಯುತ್ತದೆ. ಅದಕ್ಕೆ ಬೇಗ ಕೊಟ್ಟರೆ ನಾಟುವ ಔಷಧಗಳಿವೆ. ಮಂಗನ ಕಾಯಿಲೆಗೆ ಅಂಥ ನೇರ ಔಷಧವಿಲ್ಲ. ದೇಹದ ನೀರು ಕಾಯ್ದು, ರಕ್ತಸ್ರಾವ ನೋಡಿಕೊಂಡು ಉಳಿಸಿಕೊಳ್ಳಬೇಕು. ಇವುಗಳನ್ನು ಮನೆಯಲ್ಲಿ ಬೇರ್ಪಡಿಸಲಾಗದು, ರಕ್ತಪರೀಕ್ಷೆಯೇ ಆಗಬೇಕು. ಹಾಗಿದ್ದರೂ ವೈದ್ಯರ ಕೆಲಸವನ್ನು ಅರ್ಧ ಹಗುರ ಮಾಡುವುದು ರೋಗಿಯ ಮಾತು: ಕಳೆದ ಹದಿನೈದು ದಿನಗಳಲ್ಲಿ ಯಾವ ಕಾಡಿಗೆ ಹೋಗಿದ್ದರು, ದರಗು ಗುಡಿಸಿದರೆ, ಅಕ್ಕಪಕ್ಕ ಮಂಗ ಸತ್ತಿತ್ತೆ ಎಂಬುದನ್ನು ಕೇಳದಿದ್ದರೂ ಹೇಳಬೇಕು. ನೋವಿಗೆಂದು ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ತಾವಾಗಿ ನುಂಗಬಾರದು. ಅವು ರಕ್ತಸ್ರಾವ ಹೆಚ್ಚಿಸಬಹುದು.

ಮುನ್ನೆಚ್ಚರಿಕೆ

ಮಲೆನಾಡಿನಲ್ಲಿ ಅನೇಕ ವರ್ಷ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡುಬಂದು ಅದನ್ನು ನಿಲ್ಲಿಸಲಾಗಿದೆ. ಹಿಂದೆ ಚುಚ್ಚಿಸಿಕೊಂಡಿದ್ದೇವೆಂಬ ಧೈರ್ಯ ಬೇಡ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದವರು ಕೊಡುವ ಡೀಪಾ ಎಣ್ಣೆಯನ್ನು ಕೈಕಾಲು, ಕತ್ತಿಗೆ ಹಚ್ಚಿಕೊಳ್ಳಬೇಕು. ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂಬದಿ ನೋಡಿಕೊಳ್ಳಬೇಕು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ಸಮೀಪವಾಗಿ ಹಿಡಿದು ನೇರ ಎಳೆಯಬೇಕು. ಬೀಡಿಯಿಂದ ಸುಡುವುದು, ಉಗುರಿನಲ್ಲಿ ಹಿಸುಕುವುದು ಸಲ್ಲದು. ಸತ್ತ ಮಂಗವನ್ನು ಮುಟ್ಟದೆ, ಹತ್ತಿರವೂ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು.

ದನಕರುಗಳಿಗೆ ಈ ರೋಗ ಬಾಧಿಸುವುದಿಲ್ಲ. ಆದರೆ ಬಲಿತ ಉಣುಗುಗಳು ರಕ್ತ ಹೀರಿ ಬೆಳೆಯುವುದು ಅವುಗಳ ಮೈಮೇಲೆಯೇ. ಬೆಟ್ಟಕ್ಕೆ ಮೇಯಲು ಬಿಡುವ ದನಗಳಿಗೆ ಪಶುವೈದ್ಯರು ಹೇಳಿದ ಉಣುಗು ನಾಶಕವನ್ನು ಹೇಳಿದ ಪ್ರಮಾಣದಲ್ಲಿ ಹಚ್ಚಬೇಕು. ಇನ್ನು ದರಗಿನ ಮಾತು. ಗೊಬ್ಬರಕ್ಕೆ ಅದು ಬೇಕೇ ಬೇಕು, ತರಬೇಡಿ ಎಂದರೆ ಯಾರೂ ಕೇಳುವವರಿಲ್ಲ. ಮಂಗ ಸತ್ತ ಕಡೆಯ ದರಗನ್ನಂತೂ ಆ ವರ್ಷ ಬಿಟ್ಟುಬಿಡಬೇಕು. ಕೊಟ್ಟಿಗೆಗೆ ಭತ್ತದ ಹುಲ್ಲಿನ ಕಸ, ಒಣಗಿದ ಅಡಿಕೆ ಸಿಪ್ಪೆಗಳನ್ನು ಹಾಸಬಹುದು. ಬೇಲಿಸಾಲಿನಲ್ಲಿ ಗೊಬ್ಬರದ ಗಿಡದ ಗೂಟಗಳನ್ನು ಮಳೆ ಹಿಡಿಯುವಾಗ ನೆಟ್ಟರೆ, ಎರಡನೆಯ ವರ್ಷದಿಂದ ಸೊಪ್ಪು ಮನೆಯ ಬಳಿಯೇ ದೊರೆಯುತ್ತದೆ.