ಬೂಷ್ಟಿನ ಮೇಲೆ ಬಣ್ಣ ಬಳಿದರೆ ದುಡ್ಡು ದಂಡ

ತುಮಕೂರು ಸೀಮೆಯಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದರ ಬೆನ್ನಿಗೇ ದೀಪಾವಳಿ. ಊರ್ಡಿಗೆರೆ ಸುತ್ತಿನ ಮನೆಗಳಲ್ಲಿ ಹಬ್ಬದ ಶುಚಿಗೆಂದು ಬೀರು ಸರಿಸಿದರೆ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆಗಳ ಬೂಷ್ಟು. ಪೇಂಟರನ್ನು ಕರೆಸಿ ಎರಡು ಕೋಟ್ ಹೊಡೆಸುತ್ತೇವೆ. ಬರುವ ಮಳೆಗೆ ಮತ್ತೆ ಅದೇ ಜಾಗದಲ್ಲಿ ಅದೇ ಚುಕ್ಕೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಒಡೆದ ಹೆಂಚು, ತಾರಸಿಯ ಬಿರುಕು, ಗೋಡೆಯೊಳಗಿನ ನಲ್ಲಿ ಪೈಪು, ಹೊರಗೋಡೆಗೆ ಒತ್ತಿ ಏರಿಸಿದ ಮಣ್ಣು, ಇವೇ ಸಾಮಾನ್ಯ ಕಳ್ಳರು. ಗೊತ್ತಾಗದಿದ್ದರೆ ಒಂದು ಉಪಾಯವಿದೆ. ಪ್ಲಾಸ್ಟಿಕ್ ಕವರೊಂದನ್ನು ಅಂಗೈ ಅಗಲ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಗೋಡೆಯ ಕಡೆ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಗಾರೆ ಕೆಲಸದವರನ್ನು ಕರೆಸಬೇಕು. ಹನಿ ಹೊರಮೈ ಮೇಲಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚು. ಆಗ ಒಳಗೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಟ್ಟು, ಕಿಟಕಿ ತೆಗೆದಿಡಿ.

ಆಮೇಲೆ ತೊಳೆಯುವ ಕೆಲಸ. ದಮ್ಮು, ಅಲರ್ಜಿ ಇರುವವರನ್ನೂ ಮಕ್ಕಳನ್ನೂ ಆ ಕೋಣೆಗೆ ಬಿಡಬೇಡಿ. ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು. ಕಿಟಕಿ ತೆರೆದಿರಲಿ, ಫ್ಯಾನ್ ಆರಿಸಿ. ಒಣ ಬೂಷ್ಟನ್ನು ಪೊರಕೆಯಲ್ಲಿ ಗುಡಿಸಿದರೆ ಅದರ ಕಣ ಮನೆಯೆಲ್ಲ ಹಾರುತ್ತದೆ. ಆದ್ದರಿಂದ ಮೊದಲು ನೆನೆಸಿ, ಸೋಪಿನ ನೀರಲ್ಲಿ ಬ್ರಶ್ಶಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಟೈಲ್ಸ್, ಸಿಮೆಂಟು ನೆಲದ ಕಲೆ ಹೋಗದಿದ್ದರೆ ಒಂದು ಲೀಟರ್ ನೀರಿಗೆ 60 ಮಿಲಿ ದ್ರವ ಬ್ಲೀಚ್ ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ.

ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನಾಗಲಿ ವಿನೆಗರನ್ನಾಗಲಿ ಯಾವತ್ತೂ ಸೇರಿಸಬೇಡಿ. ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಎರವಾಗಬಹುದು. ಎರಡೂ ಸೇರಿದರೆ ಜಾಸ್ತಿ ಬೆಳ್ಳಗಾಗುತ್ತದೆ ಎಂದು ಹೇಳುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ; ಕೇಳಬೇಡಿ.

ಪುಡಿಪುಡಿಯಾಗಿ ಉದುರುವ ಗಾರೆಗೆ ಬ್ಲೀಚ್ ಹಚ್ಚಿ ಪ್ರಯೋಜನವಿಲ್ಲ. ಅದನ್ನೂ ನೆನೆಸಿಯೇ ಕೆತ್ತಿಸಿ, ಚೆನ್ನಾಗಿ ಒಣಗಿದ ಮೇಲೆ ಹೊಸ ಗಾರೆ ಹಾಕಿಸಿ. ಬೂಷ್ಟು ಮೂರಡಿ ಉದ್ದ, ಮೂರಡಿ ಅಗಲಕ್ಕಿಂತ ಹೆಚ್ಚು ಹರಡಿದ್ದರೆ ಒಬ್ಬರೇ ಕೈಹಾಕದೆ ಕೆಲಸ ಬಲ್ಲವರಿಗೆ ಬಿಡುವುದು ಲೇಸು. ಒಳಗೆ ಬೂಷ್ಟು ಹಿಡಿದ ಹತ್ತಿ ಹಾಸಿಗೆಯ ಆಸೆ ಬಿಡಿ.

ಹಳೆಯ ಮಣ್ಣುಗೋಡೆಯ ಮನೆಗಳಿಗೆ ನನ್ನ ಓಟು ಸುಣ್ಣಕ್ಕೇ. ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ, ಗೋಡೆಯ ತೇವವೂ ಹೊರಗೆ ಆರುತ್ತದೆ. ಮಿರಿಮಿರಿ ಎಮಲ್ಷನ್ ಪೇಂಟು ಆ ತೇವವನ್ನು ಒಳಗೇ ಹಿಡಿದಿಟ್ಟು, ಕೊನೆಗೆ ತಾನೇ ಸಿಪ್ಪೆ ಏಳುತ್ತದೆ. ಈಗಾಗಲೇ ಎಮಲ್ಷನ್ ಹೊಡೆಸಿದ್ದರೆ ಅದನ್ನು ಪೂರಾ ಕೆರೆಸದೆ ಸುಣ್ಣ ಕೂರುವುದಿಲ್ಲ. ಸುಣ್ಣ ಅರಳಿಸುವಾಗ ಕಣ್ಣು ಜೋಪಾನ.

ಗೋಡೆಯ ಜತೆಗೆ ಅಟ್ಟವನ್ನೂ ಒಮ್ಮೆ ನೋಡಿ. ಅಲ್ಲಿಟ್ಟ ಕಡಲೆಕಾಯಿಗೆ ಬೂಷ್ಟು ಬಂದಿದ್ದರೆ ತೊಳೆದು ಹುರಿದು ತಿನ್ನಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಮನೆಯ ಒಲೆಯ ಕಾವಿಗೆ ಅದು ಪೂರ್ತಿ ಹೋಗುವುದಿಲ್ಲ, ಲಿವರಿಗೆ ಕೆಟ್ಟದ್ದು. ದಂಡವಾಗುವುದು ಬೇಡವೆಂದು ಬೂಷ್ಟು ಹಿಡಿದ ಹಿಂಡಿಯನ್ನು ಹಸುವಿಗೆ ಹಾಕಿದರೆ ಆ ವಿಷ ಹಾಲಿಗೂ ಇಳಿಯುತ್ತದೆ. ಕಾಯಿಯಾದರೂ ಹಿಂಡಿಯಾದರೂ ಗುಂಡಿ ತೋಡಿ ಮುಚ್ಚಿಬಿಡಿ.